ವಸೂಲಿಗಾರನ ಕೂಲಿ ಸಾಲಗಾರ್ತಿ ಏಕೆ ಕೊಡಬೇಕು?

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯವನ್ನು ಲಕೋಟೆಯಲ್ಲಿಟ್ಟು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಮೈಕ್ರೋಫೈನಾನ್ಸ್‌ನವರ ಕಾಟ ತಪ್ಪಿಸಿ, ನಮ್ಮ ಮಾಂಗಲ್ಯ ಉಳಿಸಿಕೊಡಿ ಎಂಬುದು ಅವರ ಮೊರೆ. ಅದೇ ದಿನಗಳಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬರುತ್ತಿತ್ತು. ಒಂದರ ಹಿಂದೆ ಒಂದರಂತೆ ಸಾವಿನ ವರದಿಗಳೂ ಬಂದವು. ಸರ್ಕಾರ ಸುಗ್ರೀವಾಜ್ಞೆ ತಯಾರಿಸಿತು. ರಾಜ್ಯಪಾಲರು ಒಮ್ಮೆ ಅದನ್ನು ಹಿಂದಕ್ಕೆ ಕಳಿಸಿ, ಸ್ಪಷ್ಟನೆ ಪಡೆದು ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಕಾಯಿದೆಯಾಗಿಸಿತು. ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಕಾಯಿದೆ ಅದು.

ಅದು ಬಂದಾಗ ನಾನು ಮನಸಾರೆ ಸ್ವಾಗತಿಸಿದೆ, ಇಂದಿಗೂ ಅದರ ಪರವಾಗಿಯೇ ಇದ್ದೇನೆ. ಬೆದರಿಸುವಂತಿಲ್ಲ, ಬೆನ್ನು ಹತ್ತುವಂತಿಲ್ಲ, ಮನೆಯ ಕಾಗದಪತ್ರ ಕಿತ್ತುಕೊಳ್ಳುವಂತಿಲ್ಲ ಎಂದು ಅದು ಖಡಾಖಂಡಿತವಾಗಿ ಹೇಳಿತು. ತಪ್ಪಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಡಲು ಬಂದವರನ್ನು ಠಾಣೆಯಿಂದ ಹಿಂದಕ್ಕೆ ಕಳಿಸುವಂತಿಲ್ಲ. ಇಷ್ಟನ್ನಾದರೂ ಬರಹದಲ್ಲಿ ಪಡೆಯಲು ಎಷ್ಟು ಮನೆಗಳು ದೀಪ ಕಳೆದುಕೊಳ್ಳಬೇಕಾಯಿತು ಎಂಬುದನ್ನು ಮರೆಯಬಾರದು. ಆದರೆ ವಸೂಲಿಗೆ ಬಂದವನ ಬಾಯಿಗೂ ಕೈಗೂ ಕಡಿವಾಣ ಹಾಕಿದ ಕಾನೂನು ಅವನ ಕೈಲಿರುವ ಚೀಟಿಯನ್ನು ಓದಲಿಲ್ಲ. ಅವನು ಬಂದು ಹೋಗುವ ಖರ್ಚು, ಅವನ ಏಜೆನ್ಸಿಯ ಕಮಿಷನ್ನು, ದಂಡದ ಮೇಲಿನ ದಂಡ, ಇವನ್ನೆಲ್ಲ ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬುದಕ್ಕೆ ಅಲ್ಲಿ ಒಂದು ಅಂಕಿಯೂ ಇಲ್ಲ. ನಾನು ಇವತ್ತು ಆ ಅಂಕಿಯನ್ನು ಕೇಳಲು ಬರೆಯುತ್ತಿದ್ದೇನೆ. ನೀವೂ ನನ್ನ ಜೊತೆ ಕೇಳಬೇಕು ಎಂದು ಕರೆಯುತ್ತಿದ್ದೇನೆ.

ಆ ಚೀಟಿ ಹೇಗಿರುತ್ತದೆ ಎಂದು ಸಾಲ ಮಂಜೂರು ಮಾಡುವವರಲ್ಲಿ ಬಹಳ ಜನ ಕಂಡಿರಲಿಕ್ಕಿಲ್ಲ. ದಾವಣಗೆರೆಯಲ್ಲಿ ಆಟೊ ಓಡಿಸುವ ಒಬ್ಬರು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ಕಾಗದವನ್ನು ನನ್ನ ಮುಂದೆ ಬಿಡಿಸಿ ಹರಡಿದ್ದರು. ಬೆವರಿಗೆ ಅಕ್ಷರ ಹರಡಿತ್ತು. ಬಾಕಿ ಇದ್ದದ್ದು ಎರಡು ಕಂತು. ನಿಲ್ದಾಣದಿಂದಲೇ ಗಾಡಿ ಎತ್ತಿಕೊಂಡು ಹೋಗಿ ಊರಾಚೆಯ ಯಾರ್ಡಿನಲ್ಲಿ ನಿಲ್ಲಿಸಿದ್ದರು. ಕಾಗದದ ಮೇಲೆ ಒಂದರ ಕೆಳಗೊಂದು ಸಾಲು: ಬಾಕಿ ಕಂತು, ಬೌನ್ಸ್ ಚಾರ್ಜು, ವಿಳಂಬ ಶುಲ್ಕ, ಸೀಜಿಂಗ್ ಚಾರ್ಜು, ದಿನದ ಲೆಕ್ಕದಲ್ಲಿ ಯಾರ್ಡ್ ಬಾಡಿಗೆ, ಕಟ್ಟಕಡೆಗೆ ‘ಇತರೆ’. ಇತರೆಯ ಮುಂದಿನ ಅಂಕಿಯನ್ನು ಪೆನ್ನಿನಲ್ಲಿ ಒಮ್ಮೆ ಬರೆದು, ಹೊಡೆದುಹಾಕಿ, ಮೇಲೆ ಇನ್ನೊಂದು ಬರೆದಿದ್ದರು. ಸಹಿ ಇಲ್ಲ, ಸೀಲಿಲ್ಲ. ಇದೇನು ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಗಾಡಿ ತರೋಕೆ ನಮ್ಮ ಹುಡುಗ್ರು ಬಂದಿದ್ರಲ್ಲ, ಅವರ ಖರ್ಚು.’ ತನ್ನ ಅನ್ನದ ಗಾಡಿ ಎತ್ತಿಕೊಂಡು ಹೋದವರ ಪೆಟ್ರೋಲಿಗೂ ಬಿರಿಯಾನಿಗೂ ಆತನೇ ದುಡ್ಡು ತೆತ್ತು ಬಿಡಿಸಿಕೊಂಡು ಬಂದ. ಗಾಡಿ ಅಲ್ಲಿ ನಿಂತಷ್ಟು ದಿನ ದುಡಿಮೆ ಇರಲಿಲ್ಲ, ಬಾಡಿಗೆ ಮಾತ್ರ ಏರುತ್ತಿತ್ತು. ಅದನ್ನು ಕಟ್ಟಲು ತಂದದ್ದು ಮೀಟರ್ ಬಡ್ಡಿ ಸಾಲ.

ಹಳ್ಳಿಯ ಮಹಿಳೆಯರ ಗುಂಪಿನಲ್ಲಿ ಅಷ್ಟು ಕಾಗದವೂ ಇರುವುದಿಲ್ಲ. ಅಲ್ಲಿ ಒಬ್ಬಳಿಗೆ ಉಳಿದವರೆಲ್ಲ ಜಾಮೀನು. ಒಬ್ಬಳು ಕಂತು ತಪ್ಪಿಸಿದರೆ ಮೀಟಿಂಗ್ ಮುಗಿಯುವುದಿಲ್ಲ, ಯಾರೂ ಏಳುವಂತಿಲ್ಲ. ಒಲೆಯ ಮೇಲೆ ಅನ್ನ ಬಿಟ್ಟು ಬಂದವಳು, ಮಗುವನ್ನು ಶಾಲೆಗೆ ಕಳಿಸಬೇಕಾದವಳು, ಕೂಲಿಗೆ ಹೊತ್ತಾಯಿತೆಂದು ಚಡಪಡಿಸುವವಳು, ಎಲ್ಲರೂ ಬಾರದ ಆ ಒಬ್ಬಳನ್ನು ಶಪಿಸುತ್ತ ಕೂರುತ್ತಾರೆ. ಕೊನೆಗೆ ಸೆರಗಿನ ಗಂಟು ಬಿಚ್ಚಿ ಎಲ್ಲರೂ ಸೇರಿಸಿ ಕೊಡುತ್ತಾರೆ. ಅದರ ಮೇಲೆ ‘ಎರಡು ಸಲ ಬಂದಿದ್ದೀನಿ, ಬೈಕಿನ ಖರ್ಚು’ ಎಂದು ನೂರೋ ಇನ್ನೂರೋ. ಅದು ಸಾಲದ ಕಾರ್ಡಿನಲ್ಲಿ ಏರುವುದಿಲ್ಲ, ಕಂಪನಿಯ ಕಂಪ್ಯೂಟರಿನಲ್ಲೂ ಏರುವುದಿಲ್ಲ. ನಾಳೆ ಯಾರಾದರೂ ಅಧಿಕಾರಿ ಬಂದು ಲೆಕ್ಕ ತೆಗೆಸಿದರೂ ಆ ಇನ್ನೂರು ರೂಪಾಯಿ ಎಲ್ಲೂ ಸಿಗುವುದಿಲ್ಲ. ಆಕೆಗೆ ಮಾತ್ರ ನೆನಪಿರುತ್ತದೆ, ಅದು ಅವಳ ಅರ್ಧ ದಿನದ ಕೂಲಿ.

ಇದರ ಹಿಂದಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಅನ್ಯಾಯ ಕೂತಿರುವುದು ಅಲ್ಲೇ. ಅಡವಿಲ್ಲದ ಸಣ್ಣ ಸಾಲಕ್ಕೆ ಬಡ್ಡಿ ಏಕಿಷ್ಟು ಹೆಚ್ಚು ಎಂದು ಕೇಳಿದಾಗೆಲ್ಲ ಕಂಪನಿಗಳು ಕೊಡುವ ಉತ್ತರ ಒಂದೇ. ಮನೆಮನೆಗೆ ಹೋಗಬೇಕು, ಸಿಬ್ಬಂದಿ ಇಡಬೇಕು, ಕೆಲವರು ಕಟ್ಟುವುದಿಲ್ಲ, ಆ ನಷ್ಟ ತುಂಬಿಕೊಳ್ಳಬೇಕು. ಸರಿ, ಒಪ್ಪೋಣ. ಹಾಗಾದರೆ ವಸೂಲಿಯ ಖರ್ಚು ಬಡ್ಡಿಯೊಳಗೇ ಬಂತಲ್ಲ? ತಪ್ಪದೆ ಕಟ್ಟುವವಳೂ ಪ್ರತಿ ಕಂತಿನಲ್ಲಿ ಆ ಖರ್ಚಿನ ಪಾಲು ಕೊಡುತ್ತಲೇ ಇದ್ದಾಳೆ. 2011ರಲ್ಲಿ ಮಾಲೆಗಾಂ ಸಮಿತಿಯ ವರದಿಯ ನಂತರ ಮೈಕ್ರೋಫೈನಾನ್ಸ್ ಬಡ್ಡಿಗೆ ಒಂದು ಮಿತಿ ಇತ್ತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ತೆಗೆದು, ಬೆಲೆ ನಿಗದಿಯನ್ನು ಆಯಾ ಸಂಸ್ಥೆಯ ಆಡಳಿತ ಮಂಡಳಿಗೇ ಬಿಟ್ಟಿತು. ಬಡ್ಡಿ ಎಷ್ಟಿಡಬೇಕೆಂದು ತಾವೇ ತೀರ್ಮಾನಿಸುವ ಸ್ವಾತಂತ್ರ್ಯ ಪಡೆದವರು, ಖರ್ಚನ್ನೆಲ್ಲ ಅದರಲ್ಲಿ ಸೇರಿಸಿಕೊಂಡವರು, ಕಂತು ತಪ್ಪಿದ ದಿನ ಅದೇ ಖರ್ಚನ್ನು ಬೇರೆ ಬೇರೆ ಹೆಸರಿನಲ್ಲಿ ಎರಡನೇ ಸಲ ಕೇಳುತ್ತಾರೆ. ಏಜೆನ್ಸಿಯನ್ನು ಆರಿಸಿದ್ದು ಆಕೆಯಲ್ಲ. ಒಪ್ಪಂದಕ್ಕೆ ಸಹಿ ಹಾಕಿದ್ದು ಆಕೆಯಲ್ಲ. ಕಮಿಷನ್ ಎಷ್ಟೆಂದು ಆಕೆಗೆ ಹೇಳಿದವರಿಲ್ಲ. ಬಿಲ್ಲು ಮಾತ್ರ ಆಕೆಗೆ.

ಕಾಟಕ್ಕೂ ಈ ಕಮಿಷನ್ನಿಗೂ ಇರುವ ನಂಟನ್ನು ನಾವು ಸರಿಯಾಗಿ ಗಮನಿಸಿಲ್ಲ. ಕಲೆಕ್ಷನ್ ಕೆಲಸದ ಹುಡುಗರನ್ನು ಮಾತಾಡಿಸಿ ನೋಡಿ. ಅವರ ಬಾಯಲ್ಲಿ ಬಕೆಟ್, ಓಡಿ (ಗಡುವು ಮೀರಿದ ಬಾಕಿ), ಪಿಟಿಪಿ (ಇಂಥ ದಿನ ಕಟ್ಟುತ್ತೇನೆಂಬ ಮಾತು), ಟಾರ್ಗೆಟ್ ಎಂಬ ಮಾತುಗಳೇ. ಎಷ್ಟು ದಿನದ ಬಾಕಿ ಎಂಬುದರ ಮೇಲೆ ಸಾಲವನ್ನು ಬಕೆಟ್‌ಗಳಾಗಿ ವಿಂಗಡಿಸಿರುತ್ತಾರೆ. ಬಾಕಿ ಹಳತಾದಷ್ಟೂ ತಂದುಕೊಟ್ಟವನಿಗೆ ಸಿಗುವ ಪಾಲು ಹೆಚ್ಚು. ತಿಂಗಳ ಕೊನೆಯ ವಾರ ಹತ್ತಿರವಾದಂತೆ ಮೇಲಿನವನು ಇವನನ್ನು ಬೈಯುತ್ತಾನೆ, ಇವನು ಆಕೆಯನ್ನು ಬೈಯುತ್ತಾನೆ. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದೆ, ಸಾಲ ಮಾಡಿಯೇ ಕೊಂಡ ಬೈಕಿನಲ್ಲಿ ಹಳ್ಳಿ ಸುತ್ತುವ ಈ ಹುಡುಗರು ಕೂಡ ಯಾವುದೋ ಬಡವರ ಮನೆಯವರೇ. ನಾನು ಇದನ್ನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. 2008ರ ಏಪ್ರಿಲ್‌ನಲ್ಲೇ ರಿಸರ್ವ್ ಬ್ಯಾಂಕ್ ಬರಹದಲ್ಲಿ ಒಪ್ಪಿಕೊಂಡಿದೆ: ಕೆಲವು ಬ್ಯಾಂಕುಗಳು ಏಜೆಂಟರಿಗೆ ಅತಿಯಾದ ಗುರಿ ಮತ್ತು ದೊಡ್ಡ ಪ್ರೋತ್ಸಾಹಧನ ಕೊಡುತ್ತವೆ, ಅದೇ ಅವರನ್ನು ಬೆದರಿಕೆಯ ದಾರಿಗೆ ನೂಕುತ್ತದೆ ಎಂದು. ರೋಗದ ಮೂಲ ಗೊತ್ತಿದ್ದೂ ಮದ್ದು ಮಾತ್ರ ಬ್ಯಾಂಕುಗಳ ವಿವೇಚನೆಗೆ ಬಿಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಸಾಲ ವಸೂಲಿಗೆ ತೋಳ್ಬಲದವರನ್ನು ಕಳಿಸುವುದನ್ನು ಸುಪ್ರೀಂ ಕೋರ್ಟ್ ಕಟುವಾಗಿ ಖಂಡಿಸಿತ್ತು. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ ಟ್ರ್ಯಾಕ್ಟರ್ ಎಳೆದೊಯ್ಯಲು ಬಂದವರ ಕೈಯಲ್ಲಿ, ಅದೇ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ, ರೈತನ ಗರ್ಭಿಣಿ ಮಗಳು ಸತ್ತಳು. ಆಗ ರಿಸರ್ವ್ ಬ್ಯಾಂಕ್, ಆ ಟ್ರ್ಯಾಕ್ಟರಿಗೆ ಸಾಲ ಕೊಟ್ಟಿದ್ದ ಹಣಕಾಸು ಕಂಪನಿ ಹೊರಗಿನ ಏಜೆಂಟರಿಂದ ವಸೂಲಿ ಮಾಡಿಸುವುದನ್ನೇ ನಿಲ್ಲಿಸಿತು, ಕೆಲವು ತಿಂಗಳ ನಂತರ ನಿರ್ಬಂಧ ತೆಗೆಯಿತು. ಮನಸ್ಸು ಮಾಡಿದರೆ ಒಂದೇ ಆದೇಶದಲ್ಲಿ ನಿಲ್ಲಿಸಲು ಸಾಧ್ಯ ಎಂದು ಇದರಿಂದ ತಿಳಿಯಿತು. ಅದಕ್ಕೆ ಒಂದು ಹೆಣ ಬೀಳಬೇಕೆ?

ನಿಯಮಗಳೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇವೆ, ಒಳ್ಳೆಯವೂ ಇವೆ, ಹಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ ಅಷ್ಟೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯದ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲ ಎನ್ನುತ್ತದೆ. ಎಲ್ಲ ಸಾಲಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ತಡವಾದದ್ದಕ್ಕೆ ದಂಡ ಹಾಕುವುದಾದರೆ ಬಾಕಿ ಬಿದ್ದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ಗೊತ್ತುಪಡಿಸಿದ ಜಾಗಕ್ಕೆ ಸತತವಾಗಿ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲಗಾರರ ಹೆಸರು ಪ್ರಕಟಿಸುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. 2023ರ ಆಗಸ್ಟ್ 18ರ ಸುತ್ತೋಲೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವುದನ್ನು ನಿಲ್ಲಿಸಿತು, ದಂಡವನ್ನು ಆದಾಯದ ಮೂಲ ಮಾಡಿಕೊಳ್ಳಬೇಡಿ ಎಂದಿತು. 2024ರ ಅಕ್ಟೋಬರ್‌ನಿಂದ ಸಾಲ ಕೊಡುವಾಗಲೇ ಎಲ್ಲ ಶುಲ್ಕ ತೋರಿಸುವ ಒಂದು ವಿವರಪಟ್ಟಿಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದರಲ್ಲಿಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲಿ ಮಾಡುವಂತಿಲ್ಲ. ನಿಮ್ಮ ಮನೆಯ ಕೆಲಸಕ್ಕೆ ಬರುವಾಕೆಯ ಕೈಯಲ್ಲಿ ಆ ಪಟ್ಟಿ ಕನ್ನಡದಲ್ಲಿ ಇದೆಯೇ? ಇವತ್ತೇ ಕೇಳಿ.

ಇಷ್ಟೆಲ್ಲ ಇದ್ದೂ ಶುಲ್ಕ ಎಷ್ಟಿರಬೇಕು ಎಂಬಲ್ಲಿಗೆ ಬಂದಾಗ ಎಲ್ಲ ಸುತ್ತೋಲೆಗಳೂ ‘ಸಮಂಜಸ’ವಾಗಿರಬೇಕು ಎಂದು ಹೇಳಿ ನಿಲ್ಲುತ್ತವೆ. ಯಾರ ದೃಷ್ಟಿಯಲ್ಲಿ ಸಮಂಜಸ? ಮೊಬೈಲ್ ಆ್ಯಪ್ ಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಒಂದು ಸ್ಪಷ್ಟ ಮಾತು ಹೇಳಿದೆ. ನಡುವೆ ಕೆಲಸ ಮಾಡುವ ಸೇವಾ ಸಂಸ್ಥೆಗೆ ಕೊಡಬೇಕಾದ ಶುಲ್ಕವನ್ನು ಸಾಲ ಕೊಟ್ಟವರೇ ಕೊಡಬೇಕು, ಆ ಸಂಸ್ಥೆ ಸಾಲಗಾರರಿಂದ ನೇರವಾಗಿ ವಸೂಲಿ ಮಾಡುವಂತಿಲ್ಲ. ಫೋನಿನಲ್ಲಿ ಸಾಲ ಪಡೆದ ಪಟ್ಟಣದ ಹುಡುಗನಿಗೆ ಸಿಕ್ಕ ಈ ರಕ್ಷಣೆ ಗುಡಿಯ ಜಗಲಿಯ ಮೇಲೆ ಕುಳಿತು ಹೆಬ್ಬೆಟ್ಟು ಒತ್ತಿ ಸಾಲ ಪಡೆದ ಹೆಂಗಸಿಗೆ ಏಕೆ ಇಷ್ಟೇ ಸ್ಪಷ್ಟವಾಗಿ ಸಿಗಬಾರದು?

ಅಂಕಿ ನಿಗದಿಪಡಿಸಲು ಸಾಧ್ಯವೇ ಎಂದು ಅನುಮಾನಿಸುವವರು ಬೇರೆ ದೇಶಗಳ ಕಡೆ ಒಮ್ಮೆ ನೋಡಲಿ. ನೆದರ್‌ಲ್ಯಾಂಡ್ಸ್‌ನಲ್ಲಿ 2012ರ ಜುಲೈ 1ರಿಂದ ವಸೂಲಿ ವೆಚ್ಚಕ್ಕೆ ಕಾನೂನಿನಲ್ಲೇ ಕೋಷ್ಟಕವಿದೆ. ಬಾಕಿಯ ಮೊದಲ 2,500 ಯೂರೋಗಳ ಮೇಲೆ ಶೇ 15, ಮೊತ್ತ ಏರಿದಂತೆ ದರ ಇಳಿಯುತ್ತದೆ. ಶುಲ್ಕ ಹಾಕುವ ಮೊದಲು ಪತ್ರ ಬರೆದು, ಬಿಡಿಗಾಸಿನ ಹೆಚ್ಚುವರಿಯಿಲ್ಲದೆ ಬಾಕಿ ಕಟ್ಟಲು 14 ದಿನ ಕೊಡಲೇಬೇಕು. ಆ ಪತ್ರ ಕಳಿಸದಿದ್ದರೆ ಸಾಮಾನ್ಯ ನಾಗರಿಕರಿಂದ ವೆಚ್ಚ ಕೇಳುವ ಹಕ್ಕೇ ಇಲ್ಲ. ಸ್ವೀಡನ್ನಿನಲ್ಲಿ ನೆನಪೋಲೆಗೆ 60 ಕ್ರೋನಾ, ವಸೂಲಿ ನೋಟಿಸಿಗೆ 180 ಕ್ರೋನಾ ಎಂದು ಅಂಕಿಯೇ ಇದೆ, ಏಜೆನ್ಸಿಗೆ ಎಷ್ಟೇ ಖರ್ಚಾಗಿರಲಿ. ಬಂಡವಾಳದ ತವರಾದ ಅಮೆರಿಕ ಕೂಡ 1977ರಲ್ಲೇ ಸಾಲ ವಸೂಲಿ ಏಜೆನ್ಸಿಗಳಿಗೆ ಕಾಯಿದೆ ಮಾಡಿತು. ಮೂಲ ಕರಾರಿನಲ್ಲಿ ಬರೆದಿರದ, ಕಾನೂನು ಅನುಮತಿಸದ ಯಾವ ಶುಲ್ಕವನ್ನೂ ವಸೂಲಿಗಾರ ಕೇಳುವಂತಿಲ್ಲ. ಆ ದೇಶಗಳಲ್ಲಿ ಸಾಲ ಕೊಡುವವರು ಅಂಗಡಿ ಮುಚ್ಚಿಕೊಂಡು ಹೋಗಲಿಲ್ಲ.

ಇಲ್ಲಿ ರಾಜ್ಯ ಸರ್ಕಾರದ ಕೈ ಎಷ್ಟು ಉದ್ದ ಎಂಬ ಪ್ರಶ್ನೆ ಬರುತ್ತದೆ, ಅದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಲೇವಾದೇವಿ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಬ್ಯಾಂಕಿಂಗ್ ಕೇಂದ್ರದ್ದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಹಣಕಾಸು ಕಂಪನಿಗಳಿಗೆ ಕೇರಳ, ಗುಜರಾತಿನ ಲೇವಾದೇವಿ ಕಾಯಿದೆಗಳು ಅನ್ವಯವಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾಗಿ ನೋಂದಾಯಿತ ದೊಡ್ಡ ಕಂಪನಿಗಳ ಬಡ್ಡಿಯನ್ನು ಬೆಂಗಳೂರಿನಿಂದ ಇಳಿಸಲಾಗದು, ನಮ್ಮ 2025ರ ಕಾಯಿದೆಯ ಬಿಗಿ ಬೀಳುವುದೂ ಹೆಚ್ಚಾಗಿ ಆ ಹಿಡಿತದ ಹೊರಗಿರುವವರ ಮೇಲೆ. ಇದು ನಿಜ. ಆದರೆ ಇದನ್ನೇ ನೆಪವಾಗಿಟ್ಟುಕೊಂಡು ಕೈಕಟ್ಟಿ ಕೂರುವುದು ಸರಿಯಲ್ಲ. ವಸೂಲಿ ಏಜೆನ್ಸಿ ಬ್ಯಾಂಕಲ್ಲ, ಹಣಕಾಸು ಕಂಪನಿಯೂ ಅಲ್ಲ. ಅದು ನಮ್ಮ ಬೀದಿಗಳಲ್ಲಿ, ನಮ್ಮ ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ನಡೆಯುವ ವ್ಯವಹಾರ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಬೇಕಾದರೆ ಆ ಏಜೆನ್ಸಿ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯಿದೆಯಂತೆ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆಯಾಗಬೇಕು. ಗಂಡ ತೀರಿಕೊಂಡವಳ ಬಾಗಿಲಿಗೆ ನಾಲ್ಕು ಜನರನ್ನು ಕಳಿಸುವ ಏಜೆನ್ಸಿಗೆ ಅಂಥ ಪರವಾನಗಿ ಬೇಡ!

ಮಾಡಬೇಕೆಂದರೆ ದಾರಿ ಇದೆ. ಪ್ರತಿ ವಸೂಲಿ ಏಜೆನ್ಸಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲಿ, ಯಾವ ಯಾವ ಕಂಪನಿಯ ಪರ ಕೆಲಸ ಮಾಡುತ್ತದೆ, ಕಮಿಷನ್ ಎಷ್ಟು ಎಂದು ಅಲ್ಲಿ ಬರೆದುಕೊಡಲಿ. ಮೈಕ್ರೋಫೈನಾನ್ಸ್ ವರ್ಗದ ಸಾಲಗಳಲ್ಲಿ ವಸೂಲಿ ವೆಚ್ಚವೆಂದು ಸಾಲಗಾರರಿಂದ ಪಡೆಯುವುದು ಸೊನ್ನೆ ಇರಲಿ, ಇದರಲ್ಲಿ ಚೌಕಾಸಿ ಬೇಡ. ವಾಹನ, ಗೃಹೋಪಯೋಗಿ ವಸ್ತುಗಳಂಥ ಉಳಿದ ಸಣ್ಣ ಸಾಲಗಳಲ್ಲಿ ಕನ್ನಡದಲ್ಲಿ ನೋಟಿಸು ಕೊಟ್ಟು ಎರಡು ವಾರ ಕಾದ ಮೇಲೆ, ಒಂದು ಬಾಕಿಗೆ ಒಂದೇ ಸಲ, ರೂಪಾಯಿಗಳಲ್ಲಿ ನಿಗದಿಯಾದ ಶುಲ್ಕ. ಗಾಡಿ ಎತ್ತಿದ್ದಕ್ಕೆ, ಯಾರ್ಡಿಗೆ ಇಷ್ಟೇ ಎಂಬ ಮಿತಿ. ರಸೀದಿಯಿಲ್ಲದೆ ಪಡೆದ ಪ್ರತಿ ರೂಪಾಯಿ ಅಸಲಿಗೆ ಜಮೆ ಎಂದು ಕಾನೂನೇ ಭಾವಿಸಲಿ. ಈ ಕೊನೆಯದು ಒಂದೇ ಸಾಕು, ‘ಬೈಕಿನ ಖರ್ಚು’ ಕೇಳುವ ಬಾಯಿಗಳು ಅರ್ಧಕ್ಕರ್ಧ ಮುಚ್ಚುತ್ತವೆ. ರಾಜ್ಯದ ಅಧಿಕಾರ ಮುಟ್ಟದ ಕಡೆ ರಿಸರ್ವ್ ಬ್ಯಾಂಕ್ ಇದೇ ಅಂಕಿಗಳನ್ನು ತನ್ನ ನಿರ್ದೇಶನದಲ್ಲಿ ಬರೆಯಲಿ ಎಂದು ವಿಧಾನಸಭೆ ಒಕ್ಕೊರಲ ನಿರ್ಣಯ ಮಾಡಲಿ. ನಮ್ಮನ್ನು ನೋಡಿ 2025ರಲ್ಲಿ ತಮಿಳುನಾಡೂ ಬಲವಂತದ ವಸೂಲಿ ತಡೆಯುವ ಕಾಯಿದೆ ತಂದಿತು. ಎರಡು ರಾಜ್ಯ ಸೇರಿ ಕೇಳಿದರೆ ಮುಂಬೈಗೆ ಕೇಳಿಸೀತು.

ಇದನ್ನು ಓದಿದವರಲ್ಲಿ ಕೆಲವರಿಗೆ ಆಂಧ್ರದ ನೆನಪು ಬಂದಿರಬಹುದು. ಬರಬೇಕಾದ್ದೇ. 2010ರ ಅಕ್ಟೋಬರ್‌ನಲ್ಲಿ ಅಲ್ಲಿ ಸುಗ್ರೀವಾಜ್ಞೆ ಬಂದ ಮೇಲೆ ಮರುಪಾವತಿ ಕುಸಿಯಿತು, ಕಂಪನಿಗಳು ಹಿಂದೆ ಸರಿದವು, ಸಾಲ ಬೇಕಾದ ಬಡವರು ಮತ್ತೆ ಊರಿನ ಬಡ್ಡಿವ್ಯಾಪಾರಿಯ ಬಾಗಿಲಿಗೆ ಹೋದರು. ಅದರ ಭಯ ನನಗೂ ಇದೆ. ಸಣ್ಣ ಸಾಲ ನಿಂತರೆ ಮೊದಲು ಒಣಗುವುದು ತರಕಾರಿ ಗಾಡಿಯವಳ ಬಂಡವಾಳ. ಆದ್ದರಿಂದಲೇ ನಾನು ಸಾಲ ಮನ್ನಾ ಕೇಳುತ್ತಿಲ್ಲ, ಕಂತು ಕಟ್ಟಬೇಡಿ ಎಂದು ಯಾರಿಗೂ ಹೇಳುತ್ತಿಲ್ಲ. ಪಡೆದ ಅಸಲು ಕೊಡಬೇಕು, ಒಪ್ಪಿದ ಬಡ್ಡಿ ಕೊಡಬೇಕು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಕೊಡುತ್ತಲೂ ಇದ್ದಾರೆ, ಊಟ ಬಿಟ್ಟಾದರೂ. ಕೊಟ್ಟ ಸಾಲವನ್ನು ಕೇಳುವ ಖರ್ಚು ಕೊಟ್ಟವರದ್ದು ಎಂಬಷ್ಟನ್ನೇ ನಾನು ಹೇಳುತ್ತಿರುವುದು. ಹೀಗಾದರೆ ಕಂಪನಿಯೂ ಯಾರಿಗೆ ಎಷ್ಟು ಸಾಲ ಕೊಡಬೇಕೆಂದು ಯೋಚಿಸಿ ಕೊಡುತ್ತದೆ. ವಸೂಲಿಯ ಖರ್ಚು ತನ್ನ ಕಿಸೆಯಿಂದ ಹೋಗುವಾಗ, ಆಗಲೇ ನಾಲ್ಕು ಕಡೆ ಸಾಲವಿರುವವಳಿಗೆ ಐದನೆಯದನ್ನು ತುರುಕಲು ಮ್ಯಾನೇಜರು ಹಿಂದೆಮುಂದೆ ನೋಡುತ್ತಾನೆ.

ಇದೇನೂ ಈ ನೆಲಕ್ಕೆ ಹೊರಗಿನ ವಿಚಾರವಲ್ಲ. ಬಡ್ಡಿ ಎಷ್ಟೇ ಬೆಳೆದರೂ ಅಸಲನ್ನು ಮೀರಬಾರದು ಎಂಬ ದಾಮ್‌ದುಪ್ಪಟ್ಟಿನ ನಿಯಮವನ್ನು ಮುಂಬೈ ಪ್ರಾಂತ್ಯದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲೂ ಪಾಲಿಸುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಆ ಪ್ರಾಂತ್ಯದಲ್ಲೇ ಇದ್ದವು. ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯಿದೆ ತಂದಾಗ ಬಡ್ಡಿ ವ್ಯಾಪಾರಿಗಳು ಆಕಾಶವೇ ಬಿತ್ತೆಂದು ಕೂಗಿದರು, ಅರಸರು ಜಗ್ಗಲಿಲ್ಲ. 2004ರಲ್ಲಿ ಮಿತಿಮೀರಿದ ಬಡ್ಡಿ ನಿಷೇಧ ಕಾಯಿದೆ ಬಂತು. ಪ್ರತಿ ಪೀಳಿಗೆಯೂ ತನ್ನ ಕಾಲದ ಸಾಲದ ಸಂಕಟವನ್ನು ನೋಡಿ ಒಂದು ಗೆರೆ ಎಳೆದಿದೆ. ನಮ್ಮ ಕಾಲದ ಸಂಕಟ ಬಡ್ಡಿಯ ಜೊತೆಗೆ ಶುಲ್ಕದ ರೂಪದಲ್ಲಿ ಬಂದಿದೆ. ಗೆರೆ ಎಳೆಯುವ ಸರದಿ ನಮ್ಮದು.

ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಸಾಲದ ಬಗ್ಗೆ ನಾವು ಮಕ್ಕಳಿಗೆ ಕಲಿಸುವುದೆಲ್ಲ ಸಾಲ ಮಾಡಿದವನಿಗೆ ಹೇಳುವ ಬುದ್ಧಿ. ಹಾಸಿಗೆ ಇದ್ದಷ್ಟು ಕಾಲು ಚಾಚು, ಸಾಲ ಮಾಡಬೇಡ, ಮಾಡಿದರೆ ತೀರಿಸು. ಸಾಲ ವಸೂಲಿ ಮಾಡುವವನು ಹೇಗಿರಬೇಕು, ಎಲ್ಲಿ ನಿಲ್ಲಬೇಕು ಎಂದು ಯಾವ ಪಾಠದಲ್ಲಿ ಹೇಳಿದ್ದೇವೆ? ಹೇಳುವಂಥ ಕಥೆ ನಮ್ಮಲ್ಲಿ ಇಲ್ಲದೆ ಇಲ್ಲ. ನವಕೋಟಿ ನಾರಾಯಣನೆಂದು ಹೆಸರಾದ ಶ್ರೀನಿವಾಸ ನಾಯಕ ಪುರಂದರದಾಸರಾದ ಕಥೆ ಕನ್ನಡದ ಪ್ರತಿ ಮನೆಗೂ ಗೊತ್ತು. ಅಂಗಡಿಗೆ ಅಡವಿಗೆ ಬಂದ ಮೂಗುತಿ ತನ್ನ ಹೆಂಡತಿಯದೇ ಎಂದು ಗುರುತಿಸಿದ ಗಳಿಗೆಯಲ್ಲಿ ಆ ವ್ಯಾಪಾರಿಯ ಎದೆ ಬಿರಿಯಿತು. ಇಂದು ಮೂಗುತಿಯನ್ನು ಗುರುತಿಸುವವರೇ ಇಲ್ಲದಂತೆ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಠೇವಣಿ ಇಟ್ಟವರು ಬ್ಯಾಂಕಿಗೆ, ಬ್ಯಾಂಕು ಫೈನಾನ್ಸ್ ಕಂಪನಿಗೆ, ಕಂಪನಿ ಏಜೆನ್ಸಿಗೆ, ಏಜೆನ್ಸಿ ಬೈಕಿನ ಹುಡುಗನಿಗೆ. ರಾಮನಗರದ ಹಳ್ಳಿಯೊಂದರಲ್ಲಿ ಮೂಗಿನಿಂದ ಬಿಚ್ಚಿದ ಚಿನ್ನ ಜಯನಗರದ ಮನೆಗೆ ತಲುಪುವ ಹೊತ್ತಿಗೆ ಬಡ್ಡಿಯ ಮೆಸೇಜಾಗಿರುತ್ತದೆ, ಮ್ಯೂಚುವಲ್ ಫಂಡಿನ ಲಾಭಾಂಶವಾಗಿರುತ್ತದೆ. ನಮ್ಮ ಕೈಗೆ ರಕ್ತ ಅಂಟಿಲ್ಲ ಎಂದು ನಾವು ನೆಮ್ಮದಿಯಾಗಿದ್ದೇವೆ. ಆ ನೆಮ್ಮದಿಯನ್ನು ಕಲಕಲೆಂದೇ ಇದನ್ನು ಬರೆಯುತ್ತಿದ್ದೇನೆ.

ಸಾಲ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕೂರುವ ಕನ್ನಡಿಗರೇ, ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಏಜೆನ್ಸಿಗಳು ಕಳೆದ ವರ್ಷ ಸಾಲಗಾರರಿಂದ ಶುಲ್ಕದ ಹೆಸರಿನಲ್ಲಿ ಪಡೆದದ್ದು ಎಷ್ಟು, ಅದರಲ್ಲಿ ರಸೀದಿ ಇರುವುದು ಎಷ್ಟು? ಉತ್ತರ ಬರುವವರೆಗೆ ಲಾಭದ ಪುಟಕ್ಕೆ ಸಹಿ ಹಾಕಬೇಡಿ. ಶಾಸಕರೇ, ನಿಮ್ಮ ಕ್ಷೇತ್ರದ ಯಾವ ಹಳ್ಳಿಯಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿದೆ ಎಂದು ನಿಮಗೆ ಗೊತ್ತು, ಓಟಿನ ಪಟ್ಟಿ ನಿಮ್ಮ ಬಳಿ ಇದೆ. ಕಾಯಿದೆಗೆ ತಿದ್ದುಪಡಿ ತರಲು ಇನ್ನೊಂದು ಹಾವೇರಿಗಾಗಿ ಕಾಯಬೇಡಿ. ವಕೀಲ ಮಿತ್ರರೇ, ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೆ ಒಂದು ಗಂಟೆ ಕೂತು ಈ ಚೀಟಿಗಳನ್ನು ಓ‌ದಿಕೊಡಿ. ಅರ್ಧ ಶುಲ್ಕ ನಿಮ್ಮ ಒಂದು ನೋಟಿಸಿಗೇ ಬಿದ್ದುಹೋಗುತ್ತದೆ. ಕಲೆಕ್ಷನ್ ಕೆಲಸದ ತಮ್ಮಂದಿರೇ, ಟಾರ್ಗೆಟ್ ನಿಮ್ಮ ತಲೆಯ ಮೇಲಿದೆ ಎಂದು ಬಲ್ಲೆ. ಆದರೂ ಆಕೆಯ ಕೈಯಿಂದ ಆ ಇನ್ನೂರನ್ನು ತೆಗೆದುಕೊಳ್ಳಬೇಡಿ, ನಿಮ್ಮ ಪೆಟ್ರೋಲಿನ ದುಡ್ಡನ್ನು ನಿಮ್ಮ ಕಂಪನಿಯಿಂದ ಕೇಳಿ, ಒಟ್ಟಾಗಿ ಕೇಳಿ.

ಸಂಘದ ಅಕ್ಕತಂಗಿಯರೇ, ಕಾರ್ಡಿನಲ್ಲಿ ಬರೆಯದ ಒಂದು ರೂಪಾಯಿಯನ್ನೂ ಕೊಡಬೇಡಿ. ರಸೀದಿ ಕೇಳಿ, ಒಬ್ಬೊಬ್ಬರೇ ಕೇಳಲು ಅಂಜಿಕೆಯಾದರೆ ಗುಂಪಿನ ಎಲ್ಲರೂ ಕೇಳಿ. ಬಾರದ ಗೆಳತಿಯನ್ನು ಬೈಯುವ ಮೊದಲು ಅವಳ ಮನೆಯಲ್ಲಿ ಏನಾಗಿದೆ ನೋಡಿಬನ್ನಿ. ಕಂಪನಿಗೆ ಬರೆದ ದೂರಿಗೆ 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ದುಡ್ಡಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಬೆದರಿಕೆ ಬಂದರೆ ಠಾಣೆಗೆ ಹೋಗಿ, ದೂರು ದಾಖಲಿಸಿಕೊಳ್ಳಲೇಬೇಕು.

ಓದುಬರಹ ಬಲ್ಲ ನಾವು ಉಳಿದವರು ಈ ವಾರವೇ ನಮ್ಮ ಪರಿಚಯದ ಒಬ್ಬರ ಸಾಲದ ಕಾಗದ ಕೇಳಿ ಪಡೆದು, ಕೂತು, ಸಾಲು ಸಾಲಾಗಿ ಓದೋಣ. ಅರ್ಥವಾಗದ ಶುಲ್ಕ ಕಂಡರೆ ಕಂಪನಿಗೆ ಅವರ ಹೆಸರಿನಲ್ಲಿ ಪತ್ರ ಬರೆದುಕೊಡೋಣ, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ, ಇನ್ನೊಂದನ್ನು ಶಾಸಕರಿಗೆ ಕಳಿಸೋಣ. ವಸೂಲಿ ವೆಚ್ಚದ ಮಿತಿಯನ್ನು ರೂಪಾಯಿಗಳಲ್ಲಿ ಬರೆದು, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚುವವರೆಗೆ ಈ ಪತ್ರಗಳು ನಿಲ್ಲಬಾರದು.